ಅನಮೋಡ ಘಟ್ಟದಲ್ಲಿ ಎರಡು ತಾಸು

ಗೋವೆಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಶ್ರಾವಣವೆಂದರೆ ಘಟ್ಟ ಹತ್ತುವ ಮಾಸ. ಧಾರವಾಡ, ಗದಗ, ವಿಜಾಪುರ, ಬಾಗಿಲಕೋಟೆಗಳ ಕಡೆಯಿಂದ ದುಡಿಮೆಯನ್ನರಸಿ ಬಂದು ವಾಸ್ಕೋ, ಮಡಗಾಂವ, ಫೋಂಡಾಗಳಲ್ಲಿ ಮನೆ ಹೂಡಿದವರು ಗಣಪತಿ ಹಬ್ಬವನ್ನು ಇಲ್ಲಿಯೇ ಆಚರಿಸಿಯಾರು. ಪಂಚಮಿ ಬಂತೆಂದರೆ ಹೆಣ್ಣುಮಕ್ಕಳ ಮನಸ್ಸು ತವರಿನ ಕಡೆಗೇ ಎಳೆಯುತ್ತದೆ.

ಊರಿನ ದಾರಿಗಳಲ್ಲಿ ನಮಗೆ ಹೆಚ್ಚು ಬಳಕೆಯಾದುದು ಫೋಂಡಾ, ಮೊಲೆಮ್‌ಗಳನ್ನು ಹಾದು, ಅನಮೋಡ ಘಟ್ಟವನ್ನೇರಿ, ರಾಮನಗರ, ಲೋಂಡಾ, ಅಳ್ನಾವರಗಳ ಮೂಲಕ ಧಾರವಾಡ ಸೇರುವ ದಾರಿ. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಗೋವೆಯ ಕದಂಬರು ಕೆಳಗೆ ಗೋಪಕಪಟ್ಟಣದಿಂದಲೂ ಮೇಲೆ ಹಲಸಿಯಿಂದಲೂ ಆಳಿದರು. ತಾಂಬಡಿ ಸುರ್ಲಾದ ಕಾಡಿನಲ್ಲಿ ಅವರ ಕಾಲದ ಮಹಾದೇವ ದೇವಾಲಯವು ಇಂದಿಗೂ ನಿಂತಿದೆ. ಅದರ ಕರಿಗಲ್ಲು ಘಟ್ಟದ ಮೇಲಿನಿಂದ ಬಂದುದೆಂದು ಹೇಳುತ್ತಾರೆ. ಪೋರ್ತುಗೀಜರ ಆಳಿಕೆಯಲ್ಲಿ ಈ ಮಲೆಯೇ ಗಡಿಯಾಗಿತ್ತು. 1961ರ ಡಿಸೆಂಬರ್ 19ರಂದು ಗೋವೆಯು ವಿಮೋಚನೆಗೊಂಡ ಮೇಲೆ ದಾರಿ ಮತ್ತೆ ಮುಕ್ತವಾಯಿತು. ಈಗ ಬೆಳಗಾವಿಯ ಕಾಯಿಪಲ್ಯ ಗೋವೆಯ ಅಡಿಗೆಮನೆಗಳನ್ನು ಸೇರುವುದು ಇಂಥ ಘಟ್ಟದಾರಿಗಳಿಂದಲೇ.

ಈಚೆಗಿನ ಒಂದು ಪಂಚಮಿಯ ಮುನ್ನಾದಿನ ನಾವು ಐವರು ಕಾರಿನಲ್ಲಿ ಹೊರಟಿದ್ದೆವು. ನಮ್ಮ ತಾಯಿಯವರಿಗೆ ಎಪ್ಪತ್ತೆಂಟು ತುಂಬಿತ್ತು. ಧಾರವಾಡದಾಚೆಯ ಹಳ್ಳಿಯಲ್ಲಿ ಅವರ ಅಣ್ಣನವರು ಹಾಸಿಗೆ ಹಿಡಿದಿದ್ದರು. ತಂಗಿ ಬಂದು ನಾಗಪ್ಪನಿಗೆ ಹಾಲೆರೆಯುವುದನ್ನು ಈ ವರ್ಷವೂ ಕಾಣಬೇಕೆಂಬುದು ಅವರ ಆಸೆ. ಮುಂದಿನ ವರ್ಷದ ಮಾತನ್ನು ಯಾರೂ ಆಡುತ್ತಿರಲಿಲ್ಲ.

ಘಟ್ಟದ ನಡುವಿನ ದೂಧಸಾಗರ ದೇವಾಲಯದಲ್ಲಿ ಕೈಮುಗಿದು ನಾಲ್ಕಾರು ತಿರುವು ಏರಿದ್ದೆವಷ್ಟೆ, ಶಾಖದ ಮುಳ್ಳು ಮೇಲಕ್ಕೆ ಸರಿಯಿತು. ಬಾನೆಟ್ಟಿನ ಸಂದಿಯಿಂದ ಬಿಳಿಯ ಹಬೆ ಎದ್ದಿತು. ಕಾರನ್ನು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದೆವು. ಸುತ್ತಲೂ ಮಂಜು, ಮೇಲೆ ಜಿಟಿಜಿಟಿ ಮಳೆ. ಫೋನಿಗೆ ಸಂಪರ್ಕವಿರಲಿಲ್ಲ. “ಕತ್ತಲಾಗೂದ್ರಾಗ ಮುಟ್ಟತೇವೇನಪಾ?” ಎಂದು ತಾಯಿಯವರು ಕೇಳಿದರು. ಉತ್ತರ ನಮ್ಮಲ್ಲಿರಲಿಲ್ಲ.

ಕಾಯಿಪಲ್ಯ ಹೇರಿಕೊಂಡು ಇಳಿಯುತ್ತಿದ್ದ ಲಾರಿಯೊಂದು ನಿಂತಿತು. ಚಾಲಕರು ಸವದತ್ತಿಯ ಕಡೆಯವರು. ಮೊದಲು ನಮ್ಮ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ತಿರುವಿನಾಚೆ ಹಸಿ ಟೊಂಗೆಗಳನ್ನು ಹಾಕಿ ಬಂದರು. ರೇಡಿಯೇಟರಿನ ಮುಚ್ಚಳಕ್ಕೆ ನಮ್ಮ ಹುಡುಗನು ಕೈ ಚಾಚಿದಾಗ, “ತೆಗೀಬ್ಯಾಡೋ ತಮ್ಮಾ, ಕುದಿಯೂ ನೀರು ಮಾರಿಗೆ ಹಾರತೈತಿ” ಎಂದು ತಡೆದರು. ಅವರ ಮಾತು ಸರಿಯಾದುದೇ. ಮುಚ್ಚಳವು ಒತ್ತಡವನ್ನು ಹಿಡಿದಿರುವುದರಿಂದ ಒಳಗಿನ ನೀರು 100 ಡಿಗ್ರಿಯನ್ನು ಮೀರಿಯೂ ಕುದಿಯದೆ ಇರುತ್ತದೆ; ತೆರೆದೊಡನೆ ಒತ್ತಡ ತಗ್ಗಿ ಒಮ್ಮೆಲೇ ಉಕ್ಕಿ ಚಿಮ್ಮುತ್ತದೆ.

ರೇಡಿಯೇಟರಿನ ಮೇಲಿನ ರಬ್ಬರು ಕೊಳವೆ ಸೀಳಿತ್ತು. ಚಾಲಕರು ಅದರ ಅಳತೆಯನ್ನೂ ಕಾರಿನ ಹೆಸರನ್ನೂ ಚೀಟಿಯಲ್ಲಿ ಬರೆದುಕೊಂಡು, ಕೆಳಗೆ ತಮಗೆ ಪರಿಚಯದ ಮೇಸ್ತ್ರಿಯೊಬ್ಬನಿಗೆ ತಿಳಿಸುವುದಾಗಿ ಹೇಳಿ ಇಳಿದುಹೋದರು. ಒಂದೂವರೆ ತಾಸಿನ ಮೇಲೆ, ಆಸೆಯನ್ನು ಬಿಡುವ ಹೊತ್ತಿಗೆ, ಕೊಂಕಣಿ ಮಾತಿನ ತರುಣನೊಬ್ಬನು ಹೊಸ ಕೊಳವೆಯನ್ನು ಕೊರಳಿಗೆ ಹಾರದಂತೆ ಹಾಕಿಕೊಂಡು ಮೋಟಾರು ಸೈಕಲ್ಲಿನಲ್ಲಿ ನೆನೆಯುತ್ತ ಬಂದನು.

2018ರಲ್ಲಿ ನ್ಯಾಯಾಧಿಕರಣವು ತೀರ್ಪಿತ್ತ ಮೇಲೂ ಮಹದಾಯಿ ನೀರಿನ ವ್ಯಾಜ್ಯವು ಎರಡು ರಾಜ್ಯಗಳ ನಡುವೆ ಆರಿಲ್ಲವೆಂಬುದನ್ನು ಓದುಗರು ಬಲ್ಲರು. ಅದು ಬಿಸಿಯೇರಿದಾಗಲೆಲ್ಲ ನಾವು ಪೇಟೆಯಲ್ಲಿ ಕನ್ನಡವನ್ನು ಮೆಲುದನಿಯಲ್ಲಿ ಆಡುವುದುಂಟು. ಅಂದೂ ಆ ಅಳುಕು ಇದ್ದೇ ಇತ್ತು. ತರುಣನು ಕೊಳವೆಯನ್ನು ಬಿಗಿದು, ಬದಿಯ ಝರಿಯಿಂದ ನೀರು ಹಿಡಿದು, ಬಟ್ಟೆಯಲ್ಲಿ ಸೋಸಿ ರೇಡಿಯೇಟರಿಗೆ ತುಂಬಿಸಿದನು. ಈ ಕಾಡಿನ ಝರಿಗಳು ಮಾಂಡೋವಿಯನ್ನು, ಎಂದರೆ ಮಹದಾಯಿಯನ್ನೇ, ಸೇರತಕ್ಕವು. ಕೆಲಸ ಮುಗಿಸಿದವನು ಹರುಕು ಹಿಂದಿಯಲ್ಲಿ, “ಕೊನೆಗೂ ಮಹದಾಯಿಯ ನೀರು ಕರ್ನಾಟಕಕ್ಕೆ ಹೊರಟಿತು” ಎಂದು ನಕ್ಕನು. ನಾವೂ ಮನಬಿಚ್ಚಿ ನಕ್ಕೆವು. ಕೊಳವೆಯ ಬೆಲೆಯನ್ನೂ ಪೆಟ್ರೋಲಿನ ಖರ್ಚನ್ನೂ ಮಾತ್ರ ತೆಗೆದುಕೊಂಡನು. ತಾಯಿಯವರು ಡಬ್ಬಿ ಬಿಚ್ಚಿ ಅಣ್ಣನಿಗಾಗಿ ಕಟ್ಟಿದ್ದ ಶೇಂಗಾ ಉಂಡಿಗಳಲ್ಲಿ ನಾಲ್ಕನ್ನು ಅವನ ಕೈಗಿತ್ತು, “ತಿನ್ನೋ ನನ್ನಪ್ಪಾ” ಎಂದರು. ಭಾಷೆ ತಿಳಿಯದಿದ್ದರೂ ಅವನು “ಆಯಿ” ಎಂದು ಬಾಗಿ ನಮಸ್ಕರಿಸಿದನು.

ಹಳ್ಳಿ ಮುಟ್ಟಿದಾಗ ರಾತ್ರಿ ಹತ್ತು. ಮಾವನವರು ಎಚ್ಚರವಾಗಿಯೇ ಇದ್ದರು. ಮರುದಿನ ಅವರ ಹಾಸಿಗೆಯನ್ನು ಪಡಸಾಲೆಗೆ ತಂದೆವು. ಅವರ ಕಣ್ಣೆದುರಿಗೆ ತಾಯಿಯವರು ಮಣ್ಣಿನ ನಾಗಪ್ಪನಿಗೆ ಹಾಲೆರೆದರು.

ಪಂಚಮಿಗೆ ಘಟ್ಟ ಹತ್ತುವ ನಮ್ಮವರಿಗೆ ಎರಡು ಮಾತು. ಹೊರಡುವ ಮುನ್ನ ರಬ್ಬರು ಕೊಳವೆಗಳನ್ನೂ ರೇಡಿಯೇಟರಿನ ನೀರನ್ನೂ ನೋಡಿಸಿರಿ. ಜೊತೆಗೊಂದು ಕ್ಯಾನು ನೀರಿರಲಿ. ಹಬೆ ಎದ್ದರೆ ಇಂಜಿನ್ ಆರಿಸಿ ಅರ್ಧ ತಾಸಾದರೂ ತಾಳಿರಿ. ಮತ್ತೆ ಹೊರಡುವಾಗ ಚಕ್ರಕ್ಕೆ ಕೊಟ್ಟ ಕಲ್ಲುಗಳನ್ನು ರಸ್ತೆಯಿಂದ ತೆಗೆದುಹಾಕಿರಿ. ನಮ್ಮ ಹಿಂದೆಯೂ ಯಾರೋ ಒಬ್ಬಳು ತವರಿಗೆ ಬರುತ್ತಿರುತ್ತಾಳೆ.