ಏರಿದವರು, ಇಳಿಸುವವರು

ಕುಲೆಂ. ಗೋವಾದಿಂದ ಕರ್ನಾಟಕದತ್ತ ಘಾಟಿ ಹತ್ತಿಸಲು ಗಾಡಿಗೆ ಹೆಚ್ಚಿನ ಎಂಜಿನ್ ಜೋಡಿಸುತ್ತಿದ್ದಾರೆ. ಮುಂದೆ 37 ಅಡಿಗೆ ಒಂದಡಿ ಏರು. ನಮ್ಮ ಬೋಗಿಯ ಕೆಲವರು ಮಡಗಾಂವ್‌ನಲ್ಲೇ ಏರಿಸಿಕೊಂಡಿದ್ದಾರೆ.

ಎದುರಿನವನ ಬಾಟಲಿಯ ಲೇಬಲ್ಲು ಕಿತ್ತಳೆ ಅನ್ನುತ್ತದೆ, ವಾಸನೆ ಗೇರುಹಣ್ಣು ಅನ್ನುತ್ತದೆ.

1989ರ ರೈಲ್ವೆ ಕಾಯ್ದೆ, 145ನೇ ಕಲಂ. ಗಾಡಿಯಲ್ಲಿ ಅಮಲಿನಲ್ಲಿರುವುದೇ ತಪ್ಪು, ಗಲಾಟೆ ಮಾಡಿರಲೇಬೇಕೆಂದಿಲ್ಲ. ಸಿಬ್ಬಂದಿ ಅಂಥವನನ್ನು ಇಳಿಸಬಹುದು, ಟಿಕೆಟ್ ಮುಟ್ಟುಗೋಲು, 6 ತಿಂಗಳವರೆಗೆ ಜೈಲು. ಕಾಯ್ದೆ ಬಂದಾಗ ಬರೆದ ದಂಡದ ಮಿತಿ 500 ರೂಪಾಯಿ. ಈತನ ಬಾಟಲಿಗೇ ಅಷ್ಟಾಗಿರಬಹುದು.

ಇಳಿಸುವುದು ಸರಿ, ಎಲ್ಲಿ? ಮಧ್ಯರಾತ್ರಿ ಕ್ಯಾಸಲ್‌ರಾಕ್‌ನಲ್ಲಿ, ಸುತ್ತ ಕಾಡು? ಟಿಕೆಟ್ ದುಡ್ಡು ಕೊಡದ ಒಂಟಿ ಹೆಂಗಸನ್ನು ಇಳಿಸುವುದಾದರೆ ಅವಳು ಹತ್ತಿದ ನಿಲ್ದಾಣವೋ ಜಂಕ್ಷನ್ನೋ ಕೊನೆಯ ನಿಲ್ದಾಣವೋ ಜಿಲ್ಲಾ ಕೇಂದ್ರವೋ ಆಗಿರಬೇಕು, ಹಗಲಾಗಿರಬೇಕು ಅಂತ 139ನೇ ಕಲಂ ಹೇಳುತ್ತದೆ. ಕುಡಿದವನಿಗೆ ಅಂಥ ಸಾಲು ಕಾಣಲಿಲ್ಲ. ರೈಲ್ವೆ ಸಹಾಯವಾಣಿಯೂ 139. ಒತ್ತಿ ನೋಡಿದೆ, ಘಾಟಿಯಲ್ಲಿ ಸಿಗ್ನಲ್ ಇಲ್ಲ. ಸಿಕ್ಕಿದ್ದರೂ ಗೊಂದಲವೇ: ಆರ್‌ಪಿಎಫ್ ಕೇಂದ್ರದ್ದು, ರೈಲ್ವೆ ಪೊಲೀಸ್ ರಾಜ್ಯದ್ದು. ಸುರಂಗದೊಳಗೆ ಬೈಸಿಕೊಂಡರೆ ಅದು ಯಾವ ರಾಜ್ಯ?

ಟಿಟಿಇ ಬಂದರು. ಮೂಗಿಗೆ ಬಡಿದಿರಲೇಬೇಕು. "ಸಾರ್, ಮಲಗಿಬಿಡಿ ಸಾರ್" ಅಂದು ಮುಂದೆ ಹೋದರು. ಅವನನ್ನು ಇಳಿಸುವುದಕ್ಕಿಂತ ಅಮಲು ಇಳಿಯಲಿ ಎಂದು ಕಾಯುವುದೇ ಸಲೀಸು ಅಂತ ಲೆಕ್ಕ ಹಾಕಿದಂತಿತ್ತು. ತಪ್ಪನ್ನಲು ನನಗೆ ಬಾಯಿ ಬರಲಿಲ್ಲ.

ಅವನ ದನಿ ಏರಿತು. ಕೆಳ ಬರ್ತಿನ ಅಜ್ಜಿ ಎದ್ದು ಕೂತು, "ತಮ್ಮಾ, ಊಟಾ ಮಾಡೀಯೇನೋ?" ಅಂದರು. ಅಷ್ಟೇ, ಅಳಲು ಶುರುಮಾಡಿದ. ಲೋಂಡಾದವರೆಗೂ ಅತ್ತ. ಬೈಗುಳಕ್ಕೆ ಕಲಂ ಇದೆ, ಅಳುವಿಗೆ ಯಾವುದು?

ಇನ್ನೊಂದು ತೊಡಕು. ಅವನು ಅತ್ತು ಸುಸ್ತಾಗಿ ಮಲಗಿದ. ಪಕ್ಕದ ಕೂಪೆಯಲ್ಲಿ ಹನಿ ಮುಟ್ಟದ ಕುಟುಂಬವೊಂದು ಎರಡು ಗಂಟೆಯವರೆಗೂ ಮೊಬೈಲಿನಲ್ಲಿ ರೀಲ್ಸ್ ಹಾಕಿತ್ತು, ಸ್ಪೀಕರಿನಲ್ಲಿ. ಗಾಡಿಯಲ್ಲಿ ಉಪದ್ರವ ಕೊಡುವುದೂ ಅದೇ 145ರಡಿ ಬರುತ್ತದೆ. ಯಾರೂ ಚಕಾರ ಎತ್ತಲಿಲ್ಲ, ನಾನೂ.

ಹುಬ್ಬಳ್ಳಿ. ಅಜ್ಜಿಯ ಚೀಲ ಇಳಿಸಿಕೊಟ್ಟು ತಾನೂ ಇಳಿದ, ಯಾರ ಮುಖವನ್ನೂ ನೋಡದೆ. ಬಾಟಲಿ ಸೀಟಿನಡಿ ಉರುಳುತ್ತಿದೆ. ಗಾಡಿ ತಿರುಗಿದಾಗಲೆಲ್ಲ ಬಂದು ನನ್ನ ಚಪ್ಪಲಿಗೆ ಬಡಿಯುತ್ತದೆ.