ಹಲಗೆಯ ಮೇಲಣ ಘಾಟಿ

ನಮ್ಮ ಬಿಕ್ಕೋಡಿಗೆ ರೈಲಿಲ್ಲ. ಸಕಲೇಶಪುರಕ್ಕೋ ಹಾಸನಕ್ಕೋ ಹೋಗಬೇಕು. 1979ರಲ್ಲಿ ತೆರೆದ ಹಾಸನ–ಮಂಗಳೂರು ಮೀಟರ್ ಗೇಜ್ ದಾರಿಯು 1996ರ ಬಳಿಕ ಅಗಲ ಹಳಿಗೆ ಎಡೆಗೊಟ್ಟಿತು. ಕಿರುಹಳಿಯ ಬಂಡಿಯಲ್ಲಿ ಘಾಟಿಯಿಳಿದ ನೆನಪು ನಮ್ಮ ತಂದೆಯವರಿಗುಂಟು; ಮಕ್ಕಳಿಗೆ ಅದು ಬರಿಯ ಕತೆ. ಆದುದರಿಂದ ಅದರ ಮಾದರಿಯನ್ನು ಮನೆಯಲ್ಲಿಯೇ ಕಟ್ಟತೊಡಗಿದೆವು.

ನೂರಕ್ಕೊಂದರ ಪ್ರಮಾಣವನ್ನು ಆರಿಸಿದೆವು. ಮೀಟರಿನ ಹಳಿಯಗಲವು 10 ಮಿಲಿಮೀಟರಾಯಿತು. ಆಳೆತ್ತರದ ಮನುಷ್ಯನು 17 ಮಿಲಿಮೀಟರಾದನು. ಏರು ಮಾತ್ರ ಕುಗ್ಗದು! ಘಾಟಿಯ ಏರು 50ಕ್ಕೆ 1. ನಮ್ಮ 2 ಮೀಟರ್ ಹಲಗೆಯಲ್ಲಿಯೂ ಹಳಿಯು 4 ಸೆಂಟಿಮೀಟರ್ ಏರಲೇಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಸುಮಾರು 55 ಕಿಲೋಮೀಟರ್ ಈ ಅಳತೆಯಲ್ಲಿಯೂ 550 ಮೀಟರಾಗುವುದು. ಆದುದರಿಂದ 57 ಸುರಂಗಗಳಲ್ಲಿ ಒಂದನ್ನೂ ಅದರ ಬಳಿಯ ಒಂದು ಸೇತುವೆಯನ್ನೂ ಮಾತ್ರ ಉಳಿಸಿಕೊಂಡೆವು. ಏನನ್ನು ಬಿಡಬೇಕೆಂದು ಅರಿತವನೇ ಮಾದರಿಯನ್ನು ಕಟ್ಟಬಲ್ಲನು.

ಒಣಗಿದ ಕಾಫಿಗಿಡದ ಕವಲುಗಳು ಮರಗಳಾದವು. ಜರಡಿ ಹಿಡಿದ ಕಲ್ಲುಪುಡಿಯು ಜಲ್ಲಿಯಾಯಿತು. ಸುರಂಗದ ಬಾಯಿಗೆ ಮಸಿ ಬಳಿಯುವಾಗ ತಂದೆಯವರು, “ಕಲ್ಲಿನ ಮೇಲೆ ಪಾಚಿಯೂ ನೀರಿಳಿದ ಗೆರೆಯೂ ಬರಲಿ” ಎಂದರು. ಹಸಿರನ್ನು ಹಚ್ಚಿದೊಡನೆ ಹಲಗೆಯ ಮೇಲೆ ಮಲೆನಾಡಿನ ಮಳೆಗಾಲ ಬಂದಂತಾಯಿತು.

ಅಳತೆಗಳು ಕಾಗದದಲ್ಲಿ ದೊರೆಯುವುವು. ಇಂತಹ ನೆನಪು ಕಂಡವರಲ್ಲಿ ಮಾತ್ರ ದೊರೆಯುವುದು. ಅವರಿರುವಾಗಲೇ ಕೇಳಿ, ಕಟ್ಟಿಡುವುದು ಲೇಸು.