ಜೀಬ್ರಾ ಗಿಡದ ತವರು

ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದ ಪಶ್ಚಿಮ ಅಂಚಿನಲ್ಲಿ, ಬೆಟ್ಟದ ಇಳಿಜಾರಿಗೆ ಅಂಟಿಕೊಂಡಂತೆ ಒಂದು ದೊಡ್ಡ ತೋಟವಿದೆ. 3,500ಕ್ಕೂ ಹೆಚ್ಚು ಬಗೆಯ ಗಿಡಗಳಿರುವ ಈ ತೋಟ 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇದನ್ನು ಬೆಳೆಸಿದವರು ರೊಬೆರ್ಟೊ ಬರ್ಲೆ ಮಾರ್ಕ್ಸ್. 1928ರಲ್ಲಿ ಜರ್ಮನಿಗೆ ಹೋದ ಈ ತರುಣ, ಬರ್ಲಿನ್ನಿನ ಸಸ್ಯೋದ್ಯಾನದ ಗಾಜಿನ ಮನೆಯಲ್ಲಿ ತಮ್ಮದೇ ನಾಡಿನ ಕಾಡುಗಿಡಗಳನ್ನು ಕಂಡು ಬೆರಗಾದರು. ತವರಿನ ತೋಟಗಳಲ್ಲಿ ಅವಕ್ಕೆ ಅಷ್ಟು ಬೆಲೆಯಿರಲಿಲ್ಲ! ಮುಂದೆ ಕಾಡು ಸುತ್ತಿ ಗಿಡಗಳನ್ನು ತಂದರು. 1949ರಲ್ಲಿ ಈ ಜಾಗ ಕೊಂಡು ನೆಟ್ಟರು. 1985ರಲ್ಲಿ ಇಡೀ ತೋಟವನ್ನು ದೇಶಕ್ಕೇ ಕೊಟ್ಟುಬಿಟ್ಟರು.

ಮಕ್ಕಳೇ, ನಮ್ಮ ನರ್ಸರಿಗಳಲ್ಲಿ ಸಿಗುವ ಜೀಬ್ರಾ ಕ್ಯಾಲೇಥಿಯ ಬ್ರೆಜಿಲ್‌ನ ಆಗ್ನೇಯ ಭಾಗದ ಕಾಡಿನದು. ಮಖಮಲ್ಲಿನಂಥ ಹಸಿರು ಎಲೆ, ಮೇಲೆ ಪಟ್ಟೆ, ಅಡಿಯಲ್ಲಿ ನೇರಳೆ ಬಣ್ಣ. ಸಂಜೆಯಾದರೆ ಎಲೆಗಳು ಮೇಲೇಳುತ್ತವೆ, ಬೆಳಗಾದರೆ ಹರಡಿಕೊಳ್ಳುತ್ತವೆ. ಎಲೆಯ ಬುಡದ ಗಂಟಿನೊಳಗೆ ನೀರು ಅತ್ತಿತ್ತ ಸರಿಯುವುದೇ ಇದರ ಗುಟ್ಟು. ಅಜ್ಜಿ ಗಂಜಿ ಕಾಸುವ ಆರಾರೂಟ್ ಕೂಡ ಇದೇ ಕುಟುಂಬದ ಗಿಡ.

ದೊಡ್ಡ ಮರಗಳ ನೆರಳಲ್ಲಿ, ತೇವದ ಗಾಳಿಯಲ್ಲಿ ಬೆಳೆದ ಗಿಡವಿದು. ಕಿಟಕಿಯ ಹತ್ತಿರ ಇಡಿ, ನೇರ ಬಿಸಿಲು ಮಾತ್ರ ಬೇಡ. ಮಣ್ಣು ಹಸಿಯಾಗಿರಲಿ, ಕೆಸರಾಗದಿರಲಿ. ಫ್ಯಾನಿನ ಒಣಗಾಳಿ ತಾಗಿದರೆ ಎಲೆಯ ಅಂಚು ಕಂದುತ್ತದೆ.

ಆ ಕಡಲಂಚಿನ ಕಾಡಿನ ಹೆಚ್ಚಿನ ಪಾಲು ಇಂದು ಉಳಿದಿಲ್ಲ. ಕುಂಡದ ಗಿಡಕ್ಕೆ ನೀರೆರೆಯುವಾಗ ಅದರ ತವರನ್ನೂ ನೆನೆಯೋಣ. ನಮ್ಮೂರ ಕಾಡಿನ ಗಿಡಗಳ ಹೆಸರನ್ನು ತಾತನಿಂದ ಕೇಳಿ ಬರೆದಿಡೋಣ.